ಬಿತ್ತುವಾಗ ಬರುವ ನೆರವು, ಜೋಳ ಕೀಳುವಾಗ ಎಲ್ಲಿ ಹೋಗುತ್ತದೆ?

ಉಮದಿ ಕಡೆಯ ರೈತ, ಜತ್ತ ತಾಲ್ಲೂಕು, ಮಹಾರಾಷ್ಟ್ರ

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಎಕರೆ ಎರಿ (ಕಪ್ಪು ಮಣ್ಣಿನ) ಹೊಲ. ಅಜ್ಜನ ಕಾಲದಿಂದ ಹಿಂಗಾರಿಗೆ ಮಾಲದಂಡಿ ಜೋಳವನ್ನೇ ಬಿತ್ತಿಕೊಂಡು ಬಂದಿದ್ದೇವೆ. ಈ ಸಲ ಮಗ ಪಟ್ಟು ಹಿಡಿದಿದ್ದಾನೆ. ಮನೆಗೆ ಬೇಕಾಗುವಷ್ಟು ಒಂದು ಎಕರೆ ಜೋಳ ಇಟ್ಟುಕೊಂಡು, ಉಳಿದ ಹೊಲಕ್ಕೆ ಕಡಲೆ ಹಾಕೋಣ ಎನ್ನುತ್ತಾನೆ. ಅವನ ಲೆಕ್ಕವನ್ನು ಸುಳ್ಳು ಎನ್ನಲು ನನಗೆ ಆಗುತ್ತಿಲ್ಲ.

ಹೋದ ವರ್ಷದ ಲೆಕ್ಕ ಹೇಳುತ್ತೇನೆ. ಎಕರೆಗೆ ಐದು ಕ್ವಿಂಟಲ್ ಬಂತು. ಒಂದು ಎಕರೆ ಕೀಳಲು ಹತ್ತು ಆಳು, ತೆನೆ ಮುರಿಯಲು ನಾಲ್ಕು, ಸಿವುಡು ಕಟ್ಟಿ ಬಣವೆ ಒಟ್ಟಲು ಮೂರು. ಆಳಿಗೆ 400 ರೂಪಾಯಿ ಹಿಡಿದರೆ 6,800 ರೂಪಾಯಿ ಅಲ್ಲಿಯೇ ಹೋಯಿತು. ರಾಶಿಗೆ ಮುಂಚೆ ಅಕಾಲದ ಮಳೆ ಬಿದ್ದು ಕಾಳು ಸ್ವಲ್ಪ ಕಪ್ಪಾಯಿತು. ಅಡತಿಯಲ್ಲಿ ಕ್ವಿಂಟಲಿಗೆ 2,900ಕ್ಕೆ ಕೇಳಿದರು, ಕೊಟ್ಟು ಬಂದೆ. ಆ ವರ್ಷ ಮಾಲದಂಡಿಯ ಬೆಂಬಲ ಬೆಲೆ 3,421 ರೂಪಾಯಿ ಇತ್ತು. ಕೇಳಿದ್ದಕ್ಕೆ, ಕಪ್ಪಾದ ಕಾಳನ್ನು ಖರೀದಿ ಕೇಂದ್ರದಲ್ಲಿ ತೆಗೆದುಕೊಳ್ಳುವುದಿಲ್ಲ ಎಂದರು.

ಸರ್ಕಾರದಿಂದ ಜೋಳಕ್ಕೆಂದು ನನಗೆ ಸಿಕ್ಕದ್ದು ಒಂದು ಬೀಜದ ಚೀಲ. ಅದೂ ಹಸ್ತಾ ಮಳೆಗೆ ಬಿತ್ತನೆ ಮುಗಿಸಿದ ಮೇಲೆ ಕೈಗೆ ಬಂತು. ಜೋಳದ ರೈತನಿಗೆ ನಿಜವಾಗಿ ಏನೇನು ನೆರವು ಇದೆ, ಅದನ್ನು ಹೇಗೆ ಪಡೆಯಬೇಕು ಎಂಬುದನ್ನು ಬಲ್ಲವರು ತಿಳಿಸಿ. ಮಗನಿಗೆ ಉತ್ತರ ಹೇಳಬೇಕಾಗಿದೆ.

ಅಕ್ಕಲಕೋಟೆಯ ಶಿಕ್ಷಕ

ಅಣ್ಣಾವರೇ, ನಮ್ಮ ಶಾಲೆಯ ಮಕ್ಕಳ ತಂದೆಯರಿಗೆ ಅರ್ಜಿ ತುಂಬಿಕೊಡುವ ಕೆಲಸ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಹಾಗಾಗಿ ಇದರ ಒಳಹೊರಗು ಸ್ವಲ್ಪ ಗೊತ್ತು.

ಕೈಗೆ ನೇರವಾಗಿ ಬರುವ ಹಣ ಎರಡು ಕಡೆಯದು. ಕೇಂದ್ರದ ಪಿಎಂ ಕಿಸಾನ್ 2019ರಿಂದ ವರ್ಷಕ್ಕೆ 6,000, ಅದರ ಜೊತೆಗೆ ರಾಜ್ಯದ ನಮೋ ಶೇತಕರಿ ಯೋಜನೆ 2023ರಿಂದ ಮತ್ತೊಂದು 6,000. ಇವು ಹೊಲದ ಒಡೆಯನಿಗೆ ಬರುವ ಹಣ. ಜೋಳ ಬಿತ್ತಿದರೂ ಬರುತ್ತದೆ, ಕಬ್ಬು ಹಚ್ಚಿದರೂ ಬರುತ್ತದೆ, ಬೀಳು ಬಿಟ್ಟರೂ ಬರುತ್ತದೆ. ಆದ್ದರಿಂದ ಇದನ್ನು ಜೋಳದ ನೆರವು ಎಂದು ನಾನು ಎಣಿಸುವುದಿಲ್ಲ.

ಬೆಳೆ ವಿಮೆಯ ವಿಷಯ ಬೇರೆ. 2023ರ ಮುಂಗಾರಿನಿಂದ ಮಹಾರಾಷ್ಟ್ರದಲ್ಲಿ ಒಂದು ರೂಪಾಯಿಗೆ ವಿಮೆ ಸಿಗುತ್ತಿತ್ತು. 2025ರಲ್ಲಿ ಅದು ನಿಂತಿತು. ಈಗ ಮೊದಲಿನ ಹಾಗೆ ಹಿಂಗಾರಿ ಬೆಳೆಗೆ ವಿಮಾ ಮೊತ್ತದ ಶೇಕಡಾ 1.5 ಅನ್ನು ರೈತನೇ ಕಟ್ಟಬೇಕು. ಹಿಂಗಾರಿ ಜೋಳಕ್ಕೆ ಕೊನೆಯ ದಿನ ನವೆಂಬರ್ 30. ಕಡಲೆ, ಗೋಧಿಗೆ ಡಿಸೆಂಬರ್ 15 ಇರುವುದರಿಂದ ಎಷ್ಟೋ ಜನ ಅದೇ ತಾರೀಖು ಎಂದುಕೊಂಡು ಕುಳಿತು ಜೋಳದ ವಿಮೆಯನ್ನು ಕಳೆದುಕೊಳ್ಳುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಈ-ಪೀಕ್ ಪಾಹಣಿ, ಅಂದರೆ ಮೊಬೈಲಿನ ಬೆಳೆ ಸಮೀಕ್ಷೆ. 2021ರಿಂದ ನಿಮ್ಮ ಬೆಳೆಯನ್ನು ನೀವೇ ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದು ದಾಖಲಿಸಬೇಕು. ಸಾತ್‌ಬಾರಾ ಉತಾರೆಯಲ್ಲಿ (ಹೊಲದ ದಾಖಲೆ, ಕರ್ನಾಟಕದ ಪಹಣಿ ಇದ್ದ ಹಾಗೆ) ಜೋಳ ಎಂದು ಬರದಿದ್ದರೆ ಖರೀದಿ ಕೇಂದ್ರವೂ ಇಲ್ಲ, ಪರಿಹಾರವೂ ಇಲ್ಲ. ಅದರ ಭಾಷೆ ಮರಾಠಿ. ನಮ್ಮ ಹಿರಿಯರು ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದವರು. ಮೊಬೈಲ್ ಹಿಡಿದುಕೊಂಡು ಬಂದು, ಇದರಲ್ಲಿ ಏನು ಕೇಳಿದೆ ಓದಿ ಹೇಳಿ ಸರ್ ಎಂದಾಗ ನನ್ನ ಕರುಳು ಚುರುಕ್ ಎನ್ನುತ್ತದೆ. ಹೊಲ ಅವರದು, ಬೆವರು ಅವರದು, ಬೆಳೆಯ ಹೆಸರು ಬರೆಸಲು ಮಾತ್ರ ಇನ್ನೊಬ್ಬರ ಮುಂದೆ ನಿಲ್ಲಬೇಕು.

ಚಡಚಣ ಗಡಿಯ ರೈತ

ನಮಗೆ ಎರಡೂ ಕಡೆ ಹೊಲ ಇದೆ. ಈ ಕಡೆ ಕರ್ನಾಟಕದಲ್ಲಿ ಪಹಣಿ ಮತ್ತು ರೈತರ ನೋಂದಣಿಯ ಫ್ರೂಟ್ಸ್ ಸಂಖ್ಯೆ, ಆ ಕಡೆ ಮಹಾರಾಷ್ಟ್ರದಲ್ಲಿ ಉತಾರೆ ಮತ್ತು ಶೇತಕರಿ (ರೈತ) ಗುರುತಿನ ಸಂಖ್ಯೆ. ಬದುವಿನ ಆಚೆ ಈಚೆ ಒಂದೇ ಮಣ್ಣು, ಒಂದೇ ಮಳೆ, ಒಂದೇ ಕೂರಿಗೆ. ಕಾಗದ ಮಾತ್ರ ಎರಡು.

ದಕ್ಷಿಣ ಸೋಲಾಪುರದ ಕೃಷಿ ಪದವೀಧರ

ಉಮದಿಯ ಕಾಕಾ, ನಿಮ್ಮ ಪ್ರಶ್ನೆ ನನ್ನನ್ನು ರಾತ್ರಿ ಕೂರಿಸಿ ಬರೆಸುತ್ತಿದೆ.

ಮೊದಲು ಬೆಂಬಲ ಬೆಲೆಯ ಮಾತು. ಕೇಂದ್ರ ಸರ್ಕಾರ ಹಿಂಗಾರಿ ಬೆಳೆಗಳ ಪಟ್ಟಿ ಪ್ರಕಟಿಸುವಾಗ ಅದರಲ್ಲಿ ಗೋಧಿ, ಬಾರ್ಲಿ, ಕಡಲೆ, ಮಸೂರ, ಸಾಸಿವೆ, ಕುಸುಬೆ ಈ ಆರು ಮಾತ್ರ ಇರುತ್ತವೆ. ಜೋಳ ಇರುವುದು ಮುಂಗಾರಿನ ಪಟ್ಟಿಯಲ್ಲಿ. ಹೈಬ್ರಿಡ್ ಒಂದು ಸಾಲು, ಮಾಲದಂಡಿ ಇನ್ನೊಂದು ಸಾಲು. ಮಾಲದಂಡಿಯನ್ನು ನಾವು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿ ಫೆಬ್ರವರಿ, ಮಾರ್ಚಿನಲ್ಲಿ ಕೀಳುವವರು. ನಮ್ಮ ಬೆಳೆ ಬೇರೆಯ ಹಂಗಾಮಿನ ಪಟ್ಟಿಯಲ್ಲಿ ಕುಳಿತಿದೆ. ಬಿಸಿಲಿಗೆ ನೆಲ ಬಿರಿಯುವ ಹೊತ್ತಿಗೆ ಜೋಳ ಕಿತ್ತು ಸಾಲ ತೀರಿಸಲು ನಿಂತವನ ನೆನಪು ಆ ಪಟ್ಟಿ ಮಾಡುವವರಿಗೆ ಬರುವುದು ಹೇಗೆ?

2025-26ರ ಬೆಲೆ ನೋಡಿ. ಹೈಬ್ರಿಡ್ ಜೋಳಕ್ಕೆ 3,699, ಮಾಲದಂಡಿಗೆ 3,749 ರೂಪಾಯಿ. ಅಂತರ ಐವತ್ತು ರೂಪಾಯಿ. 2022-23ರಲ್ಲಿ ಅಂತರ ಇಪ್ಪತ್ತೇ ರೂಪಾಯಿ ಇತ್ತು. ಹೈಬ್ರಿಡ್ ಮುಂಗಾರಿನ ಮಳೆಯಲ್ಲಿ ಬರುವ ಬೆಳೆ, ಅದರ ಬಹುಪಾಲು ದನದ ಮೇವಿಗೆ, ಕೋಳಿಯ ಆಹಾರಕ್ಕೆ, ಕಾರ್ಖಾನೆಗೆ ಹೋಗುತ್ತದೆ. ಮಾಲದಂಡಿ ಹಿಂಗಾರಿನ ತೇವವನ್ನೇ ನಂಬಿ ನಿಂತು ಮುತ್ತಿನಂಥ ಕಾಳು ಕಟ್ಟುವ ಬೆಳೆ, ರೊಟ್ಟಿಯ ಜೋಳ. ಎರಡನ್ನೂ ಹೆಚ್ಚುಕಡಿಮೆ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದಾರೆ. ಹೀಗಾಗಿ ಕಾಳು ಚೆನ್ನಾಗಿದ್ದ ವರ್ಷ ಪೇಟೆಯ ಬೆಲೆಯೇ ಮೇಲಿರುತ್ತದೆ, ಬೆಂಬಲ ಬೆಲೆ ಬೇಕಾಗುವುದಿಲ್ಲ. ಕಾಳು ಮಳೆಗೆ ಸಿಕ್ಕ ವರ್ಷ ಬೆಂಬಲ ಬೇಕು, ಆಗ ಗುಣಮಟ್ಟದ ನಿಯಮ ಅಡ್ಡ ಬರುತ್ತದೆ. ನಿಮಗೆ ಆದದ್ದು ಇದೇ.

ಇನ್ನೊಂದು ದೇಶದ ಕಥೆ ಹೇಳುತ್ತೇನೆ, ಹೋಲಿಸಿ ನೋಡಲು ಉಪಯೋಗವಾಗುತ್ತದೆ. ಅಮೆರಿಕದ ಕಾನ್ಸಾಸ್, ಟೆಕ್ಸಾಸ್ ರಾಜ್ಯಗಳ ಮಳೆ ಕಡಿಮೆ ಬೀಳುವ ಸೀಮೆಗಳಲ್ಲಿ ಜೋಳ ಒಂದು ಆಸರೆ. ತಿನ್ನುವುದಕ್ಕಲ್ಲ, ಮೇವಿಗೆ, ಎಥನಾಲಿಗೆ, ರಫ್ತಿಗೆ. ಅಲ್ಲಿ ಕಾಯಿದೆಯಲ್ಲಿಯೇ ಜೋಳಕ್ಕೆ ಒಂದು ಆಧಾರ ಬೆಲೆ ಬರೆದಿದ್ದಾರೆ. 2014ರ ಕಾಯಿದೆಯಲ್ಲಿ ಬುಷೆಲ್ಲಿಗೆ 3.95 ಡಾಲರ್ ಇತ್ತು, 2025ರಲ್ಲಿ ಅದನ್ನು 4.40ಕ್ಕೆ ಏರಿಸಿದರು. ಜೋಳದ ಒಂದು ಬುಷೆಲ್ ಎಂದರೆ ಸುಮಾರು 25.4 ಕಿಲೋ. ವರ್ಷದ ಸರಾಸರಿ ಪೇಟೆ ಬೆಲೆ ಆ ಗೆರೆಗಿಂತ ಕೆಳಗಿಳಿದರೆ ಅಂತರವನ್ನು ಸರ್ಕಾರ ರೈತನ ಖಾತೆಗೆ ಹಾಕುತ್ತದೆ. ಈ ಯೋಜನೆಯಲ್ಲಿ ಸರ್ಕಾರ ಒಂದು ಕಾಳನ್ನೂ ಕೊಳ್ಳುವುದಿಲ್ಲ. ಚೀಲ, ತೂಕ, ಗೋದಾಮು, ಸರದಿಯ ಸಾಲು ಯಾವುದೂ ಇಲ್ಲ.

ಆದರೆ ಅಲ್ಲಿಯೂ ತೊಡಕಿದೆ. ಹಣ ಲೆಕ್ಕವಾಗುವುದು ಹೊಲಕ್ಕೆ ಹಿಂದೆ ನಿಗದಿಯಾದ ಮೂಲ ಎಕರೆಯ ಮೇಲೆ, ಅದರಲ್ಲೂ ಶೇಕಡಾ 85ರ ಮೇಲೆ. ಈ ವರ್ಷ ಅಲ್ಲಿ ಜೋಳ ಇದೆಯೋ ಇಲ್ಲವೋ ಎಂದು ನೋಡುವುದಿಲ್ಲ. ಹಣ ಬರುವುದು ಮಾರಾಟದ ವರ್ಷ ಮುಗಿದ ಮೇಲೆ, ಅಕ್ಟೋಬರಿನ ನಂತರ. ಹೊಲ ದೊಡ್ಡದಿದ್ದಷ್ಟೂ ಹಣ ದೊಡ್ಡದು. ಐದು ಎಕರೆಯ ನಮ್ಮಂಥವರಿಗೆ ಆ ನಿಯಮವನ್ನು ಹಾಗೆಯೇ ತಂದರೆ ಒಗ್ಗುವುದಿಲ್ಲ. ಅಂತರ ತುಂಬಿಕೊಡುವ ವಿಚಾರ ಮಾತ್ರ ನಮ್ಮದಾಗಬೇಕು.

ನಮ್ಮ ದೇಶದಲ್ಲಿಯೂ ಇದು ಹೊಸದಲ್ಲ. ಮಧ್ಯಪ್ರದೇಶ 2017ರಲ್ಲಿ ಭಾವಾಂತರ ಯೋಜನೆ ತಂದಿತು. ಸರ್ಕಾರ ತುಂಬಿಕೊಡುತ್ತದೆ ಎಂದು ವ್ಯಾಪಾರಿಗಳು ಬೆಲೆ ಇಳಿಸಿದರೆಂಬ ದೂರು ಅಲ್ಲಿ ಎದ್ದಿತ್ತು. ಅದಕ್ಕೆ ತಡೆ ಹಾಕಬೇಕು. ಮಹಾರಾಷ್ಟ್ರ 2023ರ ಮುಂಗಾರಿನ ಹತ್ತಿ ಮತ್ತು ಸೋಯಾಬೀನಿಗೆ ಹೆಕ್ಟೇರಿಗೆ 5,000 ರೂಪಾಯಿಯಂತೆ ಎರಡು ಹೆಕ್ಟೇರಿನ ತನಕ ಕೊಟ್ಟಿತು. ಹತ್ತಿಗೆ ಆಗುವುದಾದರೆ ಅನ್ನದ ಬೆಳೆಗೆ ಏಕೆ ಆಗಬಾರದು?

ಸಂಖದ ಹಿರಿಯ

ತಮ್ಮಾ, ನೀನು ಅಮೆರಿಕದ ಜೋಳ ಎಂದೆಯಲ್ಲ, ಅದನ್ನು ನಾನು ಉಂಡಿದ್ದೇನೆ. 1972ರ ಬರಗಾಲ. ನನಗೆ ಆಗ ಹದಿನಾಲ್ಕು ವರ್ಷ. ಬಾವಿ ಬತ್ತಿತ್ತು, ದನ ಮಾರಿದ್ದೆವು. ರೇಷನ್ ಅಂಗಡಿಗೆ ಮಿಲೋ ಎಂಬ ಕೆಂಪು ಜೋಳ ಬಂತು, ಹಡಗಿನಲ್ಲಿ ಬಂದದ್ದು. ರೊಟ್ಟಿ ಬಡಿದರೆ ಅಂಚು ಒಡೆಯುತ್ತಿತ್ತು. ಅವ್ವ ಕಣ್ಣೀರು ಹಾಕುತ್ತಲೇ ಬಡಿದು ಕೊಟ್ಟಳು, ನಾವು ಹಸಿವಿಗೆ ತಿಂದೆವು. ಆ ವರ್ಷವೇ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೆಲಸ ಶುರುವಾಯಿತು. ಕಲ್ಲು ಒಡೆದು ರಸ್ತೆ ಮಾಡಿದೆವು. ಅದಕ್ಕೆ ಕಾಯಿದೆ ಮಾಡಿದ್ದು 1977ರಲ್ಲಿ.

ಅದಕ್ಕೂ ಮುಂಚೆ ನಮ್ಮ ಮನೆಯ ಮುಂದೆ ನೆಲದೊಳಗೆ ಕಾಳು ತುಂಬಿಡುವ ಹಗೇವು ಇತ್ತು. ಎರಡು ವರ್ಷದ ಜೋಳ ಅದರೊಳಗೆ ಇರುತ್ತಿತ್ತು. ಮಳೆ ಹೋದರೂ ಅಪ್ಪ ಎದೆಗುಂದುತ್ತಿರಲಿಲ್ಲ. ಈಗ ಊರಲ್ಲಿ ಎಲ್ಲ ಹಗೇವು ಮುಚ್ಚಿ ಅದರ ಮೇಲೆ ಸಿಮೆಂಟ್ ಹಾಕಿದ್ದಾರೆ. ಉಮದಿಯವರೇ, ಹೊಲವನ್ನೆಲ್ಲ ಕಡಲೆಗೆ ಕೊಡಬೇಡಿ. ಜೋಳಕ್ಕಿರುವ ಹಾಗೆ ಕಡಲೆಗೆ ಕಣಕಿ (ಒಣ ದಂಟಿನ ಮೇವು) ಇಲ್ಲ, ದನ ಏನು ತಿನ್ನಬೇಕು?

ಮಂಗಳವೇಢೆಯ ಸ್ವಸಹಾಯ ಸಂಘದ ಅಕ್ಕ

ಕಾಕಾ ಹೇಳಿದ ಕಣಕಿಯ ಮಾತನ್ನು ನಾನು ಮುಂದುವರಿಸುತ್ತೇನೆ. ಗಂಡಸರು ಎಲ್ಲ ಲೆಕ್ಕವನ್ನೂ ಕಾಳಿನಲ್ಲಿ ಮಾಡುತ್ತೀರಿ. ನಮ್ಮ ಮನೆಯಲ್ಲಿ ನೂರು ಸಿವುಡು ಕಣಕಿಯ ಬೆಲೆ ನೋಡಿಯೇ ಎಮ್ಮೆ ಇಟ್ಟುಕೊಳ್ಳಬೇಕೋ ಮಾರಬೇಕೋ ಎಂದು ತೀರ್ಮಾನ ಮಾಡುವುದು. ಬೇಸಿಗೆಯಲ್ಲಿ ಹಾಲಿನ ದುಡ್ಡಿನ ಮೇಲೆ ಮನೆ ನಡೆಯುತ್ತದೆ. ಬೆಂಬಲ ಬೆಲೆ ಕಾಳಿಗೆ ಇದೆ, ಕಣಕಿಗೆ ಏನೂ ಇಲ್ಲ. ಬಣವೆ ಮಳೆಗೆ ತೊಯ್ದು ಬೂಸ್ಟು ಹಿಡಿದರೆ ಯಾರೂ ಪಂಚನಾಮೆಗೆ ಬರುವುದಿಲ್ಲ.

ನಮ್ಮ ತಾಲ್ಲೂಕನ್ನು ಜೋಳದ ಕಣಜ ಎನ್ನುತ್ತಾರೆ. 2016ರಲ್ಲಿ ಮಂಗಳವೇಢೆ ಜೋಳಕ್ಕೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಸಿಕ್ಕಿತು. ಹೆಮ್ಮೆಯ ಸಂಗತಿ. ಅದರ ಲಾಭ ಬೇಕಿದ್ದರೆ ಅಧಿಕೃತ ಬಳಕೆದಾರರೆಂದು ಹೆಸರು ನೋಂದಾಯಿಸಬೇಕು, ಚೀಲದ ಮೇಲೆ ಗುರುತು ಹಾಕಿ ಮಾರಬೇಕು. ಅಷ್ಟು ಮಾಡುವ ಶಕ್ತಿ ಒಬ್ಬೊಬ್ಬ ರೈತನಿಗೆ ಇಲ್ಲ, ಗುಂಪು ಬೇಕು.

ನಮ್ಮ ಗುಂಪು ಕಡಕ್ ರೊಟ್ಟಿ ಮಾಡಿ ಸೋಲಾಪುರ, ಪುಣೆಗೆ ಕಳುಹಿಸುತ್ತದೆ. ಸಣ್ಣ ಆಹಾರ ಘಟಕಗಳ ಕೇಂದ್ರ ಯೋಜನೆ 2020ರಲ್ಲಿ ಬಂತು, ಪಿಎಂಎಫ್‌ಎಂಇ ಎನ್ನುತ್ತಾರೆ. ಯಂತ್ರಕ್ಕೆ ಬ್ಯಾಂಕ್ ಸಾಲ ತೆಗೆದರೆ ಶೇಕಡಾ 35, ಹತ್ತು ಲಕ್ಷದ ಮಿತಿಯೊಳಗೆ ಸಬ್ಸಿಡಿ. ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿಯ ತನಕ ಬೀಜಧನವೂ (ಕೆಲಸಕ್ಕೆ ಮೂಲ ಬಂಡವಾಳ) ಇದೆ. ಹಿಟ್ಟಿನ ಗಿರಣಿ ನಾವು ಹಾಗೆಯೇ ಕೊಂಡೆವು. ಗುಂಪಿಗೆ ಜೋಳ ಕೊಡುವ ರೈತರಿಗೆ ಪೇಟೆಗಿಂತ ಕಡಿಮೆ ಎಂದೂ ಕೊಟ್ಟಿಲ್ಲ.

ಒಂದು ನೋವು ಇದೆ. ಎಡೆ ಹೊಡೆದ ಮೇಲೆ ಕಳೆ ತೆಗೆಯುವವರು ನಾವು, ಸಾಲು ಹಿಡಿದು ಜೋಳ ಕೀಳುವವರು ನಾವು, ತೆನೆ ಮುರಿಯುವವರು ನಾವು. ಅಂಗೈ ಸುಲಿದು ರಾತ್ರಿ ರೊಟ್ಟಿ ಬಡಿಯಲು ಆಗುವುದಿಲ್ಲ. ಉತಾರೆಯಲ್ಲಿ ಹೆಸರು ಮಾತ್ರ ಗಂಡಸರದು, ಹಣ ಹೋಗುವುದು ಆ ಹೆಸರಿಗೆ. ಲಕ್ಷ್ಮೀ ಮುಕ್ತಿ ಯೋಜನೆಯಲ್ಲಿ ಹೆಂಡತಿಯ ಹೆಸರನ್ನು ಉತಾರೆಗೆ ಸೇರಿಸಬಹುದು. ನಮ್ಮ ಗುಂಪಿನ ಆರು ಜನ ಸೇರಿಸಿಕೊಂಡಿದ್ದೇವೆ. ಉಮದಿಯ ಅಣ್ಣಾ, ನಿಮ್ಮ ಮನೆಯವರ ಹೆಸರು ಸೇರಿದೆಯೇ?

ಉಮದಿ ಕಡೆಯ ರೈತ

ಇಲ್ಲ ಅಕ್ಕಾವರೇ. ಇಷ್ಟು ವರ್ಷ ಆ ಯೋಚನೆಯೇ ಬಂದಿರಲಿಲ್ಲ. ತಲಾಠಿಯವರ (ಗ್ರಾಮ ಲೆಕ್ಕಿಗರ) ಹತ್ತಿರ ಹೋಗಿ ಬರುತ್ತೇನೆ.

ಕೋರಿಗೆ ಮಾಡುವವನು, ಜತ್ತ

ನನಗೆ ಸ್ವಂತ ಹೊಲ ಇಲ್ಲ. ಬೇರೆಯವರ ಏಳು ಎಕರೆಯನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಮಾಡುತ್ತೇನೆ. ಪಿಎಂ ಕಿಸಾನ್ ನನಗೆ ಇಲ್ಲ, ನಮೋ ಇಲ್ಲ. ಬರ ಪರಿಹಾರ ಬಂದರೆ ಮುಂಬಯಿಯಲ್ಲಿ ಇರುವ ಹೊಲದ ಒಡೆಯರಿಗೆ ಬರುತ್ತದೆ. ಒಡೆಯರು ಕೆಟ್ಟವರಲ್ಲ, ಕೇಳಿದರೆ ಅರ್ಧ ಕೊಡುತ್ತಾರೆ. ಆದರೆ ಕೇಳಬೇಕು. ಈ ಚರ್ಚೆಯಲ್ಲಿ ನಮ್ಮಂಥವರನ್ನೂ ನೆನಪಿಡಿ.

ಮ್ಹೈಸಾಳ ನೀರಿಗಾಗಿ ಕಾದವನು

ನಾನು ಬೇರೆಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪೂರ್ವ ಜತ್ತಕ್ಕೆ ಬೇಕಾದದ್ದು ನೀರು. ಮ್ಹೈಸಾಳ ಏತ ನೀರಾವರಿಯ ಮಾತು ಕೇಳುತ್ತ ನನ್ನ ತಲೆ ಹಣ್ಣಾಯಿತು. ನೀರು ಬಂದ ಕಡೆ ದ್ರಾಕ್ಷಿ, ದಾಳಿಂಬೆ ಬಂದು ಹುಡುಗರು ಊರಲ್ಲಿಯೇ ಉಳಿದಿದ್ದಾರೆ. ಜೋಳಕ್ಕೆ ಎಷ್ಟು ಸಬ್ಸಿಡಿ ಕೊಟ್ಟರೂ ಐದು ಕ್ವಿಂಟಲ್ ಆರು ಆಗಬಹುದು. ನಮ್ಮ ಮಕ್ಕಳನ್ನು ಬಡತನದ ಬೆಳೆಗೆ ಏಕೆ ಕಟ್ಟಿಹಾಕಬೇಕು?

ದಕ್ಷಿಣ ಸೋಲಾಪುರದ ಕೃಷಿ ಪದವೀಧರ

ನೀರು ಬೇಕು ಮಾಮಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ಬಂದ ಊರಿನಲ್ಲೂ ಎಲ್ಲ ಹೊಲಕ್ಕೂ ನೀರು ಹತ್ತುವುದಿಲ್ಲ. ಎತ್ತರದ ಹೊಲ, ಕಾಲುವೆಯ ಕೊನೆಯ ಹೊಲ, ಪಂಪ್ ಇಲ್ಲದವನ ಹೊಲ ಒಣಗಿಯೇ ಇರುತ್ತದೆ. ಅಲ್ಲಿ ಜೋಳವೇ ಬೆಳೆಯಬೇಕು. 1960ರ ದಶಕದಲ್ಲಿ ದೇಶದಲ್ಲಿ ಸುಮಾರು 1.8 ಕೋಟಿ ಹೆಕ್ಟೇರಿನಲ್ಲಿ ಜೋಳ ಇತ್ತು. ಈಗ 40 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ಅಗ್ಗದ ಅಕ್ಕಿ, ಗೋಧಿಯನ್ನು ರೇಷನ್ನಿನಲ್ಲಿ ಕೊಟ್ಟಾಗ ಜೋಳ ಉಣ್ಣುವವರೇ ಕಡಿಮೆಯಾದರು. ಜೋಳದ ಬಡತನಕ್ಕೆ ನೀತಿಯದೂ ಪಾಲಿದೆ.

ಮತ್ತೆ ಐದು ಕ್ವಿಂಟಲ್ ಎಂಬುದು ಹಣೆಬರಹವೂ ಅಲ್ಲ. ಮಾಲದಂಡಿ 35-1 ತಳಿಯನ್ನು ಮೋಹೋಳದ ಕೇಂದ್ರದಲ್ಲಿ ಸ್ಥಳೀಯ ಜೋಳದಿಂದಲೇ ಆರಿಸಿ ತೆಗೆದದ್ದು, ಸ್ವಾತಂತ್ರ್ಯಕ್ಕೂ ಮುಂಚೆ. ಆಮೇಲೆ ರಾಹುರಿಯ ಕೃಷಿ ವಿದ್ಯಾಪೀಠ ಮಣ್ಣಿನ ಆಳ ನೋಡಿ ತಳಿ ಕೊಟ್ಟಿದೆ. ತೆಳು ಮಣ್ಣಿಗೆ ಫುಲೆ ಅನುರಾಧಾ, ಮಧ್ಯಮಕ್ಕೆ ಫುಲೆ ಸುಚಿತ್ರಾ, ಆಳವಾದ ಎರಿಗೆ ಫುಲೆ ವಸುಧಾ, ಫುಲೆ ರೇವತಿ. ಗಡಿಯ ಆಚೆ ವಿಜಯಪುರದ ಕೃಷಿ ಸಂಶೋಧನಾ ಕೇಂದ್ರದ ಬಿಜೆವಿ 44 ಇದೆ. ಉಮದಿಗೆ ರಾಹುರಿಗಿಂತ ವಿಜಯಪುರ ಎಷ್ಟೋ ಹತ್ತಿರ, ಮಾತೂ ನಮ್ಮದೇ. ಅಲ್ಲಿಯ ಹಿಟ್ನಳ್ಳಿ ಫಾರ್ಮಿಗೆ ಹೋಗಿ ಕೇಳಿ, ಗಡಿ ನೋಡಿ ಯಾರೂ ಹೊರಗೆ ನಿಲ್ಲಿಸುವುದಿಲ್ಲ. ಬಿತ್ತನೆ ತೀರಾ ಮುಂಚೆ ಆದರೆ ಸುಳಿ ನೊಣ ಕಾಡುತ್ತದೆ, ಬೀಜೋಪಚಾರ ತಪ್ಪಿಸಬೇಡಿ.

ಅಕ್ಕಲಕೋಟೆಯ ಶಿಕ್ಷಕ

ಮೂಲ ಪ್ರಶ್ನೆಗೆ ಬರೋಣ. ನಾನು ಎಣಿಸಿ ನೋಡಿದೆ. ಬೀಜಕ್ಕೆ ಸಬ್ಸಿಡಿ ಇದೆ, ಪ್ರಾತ್ಯಕ್ಷಿಕೆಯ ಕಿಟ್ ಇದೆ, ಟ್ರ್ಯಾಕ್ಟರ್ ಮತ್ತು ಕೂರಿಗೆಗೆ ಸಣ್ಣ ರೈತರಿಗೆ, ಮಹಿಳೆಯರಿಗೆ ಶೇಕಡಾ 50, ಉಳಿದವರಿಗೆ ಶೇಕಡಾ 40 ಸಹಾಯ ಇದೆ, ಅರ್ಜಿ ರಾಜ್ಯ ಸರ್ಕಾರದ ಮಹಾಡಿಬಿಟಿ ಜಾಲತಾಣದಲ್ಲಿ. ಇವೆಲ್ಲ ಬಿತ್ತುವ ತನಕದ ಮಾತು. ಫೆಬ್ರವರಿಯಲ್ಲಿ ಜೋಳ ನಿಂತಾಗ ಹೊಲಕ್ಕೆ ಬರುವ ನೆರವು ಒಂದೂ ಇಲ್ಲ. ಉಮದಿಯ ಅಣ್ಣನ 6,800 ರೂಪಾಯಿ ಖರ್ಚಾದದ್ದು ಅಲ್ಲಿಯೇ.

ಉಮದಿ ಕಡೆಯ ರೈತ

ಸರ್, ನನ್ನ ಮನಸ್ಸಿನಲ್ಲಿ ಇದ್ದುದನ್ನು ನೀವು ಹೇಳಿದಿರಿ. ಮಗ ಜೋಳ ಬೇಡ ಎನ್ನುವುದು ಬಿತ್ತನೆಗೆ ಹೆದರಿ ಅಲ್ಲ, ಕೀಳುವುದಕ್ಕೆ ಹೆದರಿ. ಆಳು ಸಿಗುವುದಿಲ್ಲ. ಎಲ್ಲರ ಜೋಳವೂ ಒಂದೇ ವಾರ ಬಲಿಯುತ್ತದೆ, ಅದೇ ಹೊತ್ತಿಗೆ ಊರಿನ ಅರ್ಧ ಜನ ಕಬ್ಬು ಕಡಿಯಲು ಹೋಗಿರುತ್ತಾರೆ. ಯಂತ್ರ ತರೋಣ ಎಂದರೆ ಅದು ಬುಡದ ಮೇಲೆ ಕೊಯ್ಯುತ್ತದೆ, ಒಂದು ಗೇಣು ಕಣಕಿ ಹೊಲದಲ್ಲಿಯೇ ಉಳಿಯುತ್ತದೆ. ಮಾಲದಂಡಿ ಎತ್ತರದ ಬೆಳೆ, ಗಾಳಿಗೆ ಬಾಗಿದ್ದರೆ ಯಂತ್ರಕ್ಕೆ ಸಿಗುವುದೂ ಇಲ್ಲ. ಬೇರುಸಹಿತ ಕಿತ್ತರೆ ಮುಂದೆ ಹರಗುವುದಕ್ಕೆ ಹೊಲ ಹಸನಾಗಿರುತ್ತದೆ. ಅದಕ್ಕೆ ಕೈಯೇ ಬೇಕು.

ಸಂಖದ ಹಿರಿಯ

ಮೊದಲು ಮುಯ್ಯಾಳು ಇತ್ತು. ಇಂದು ನಿನ್ನ ಹೊಲ, ನಾಳೆ ನನ್ನ ಹೊಲ. ಹಾಡು ಹೇಳುತ್ತ ಕೀಳುತ್ತಿದ್ದೆವು.

ಚಡಚಣ ಗಡಿಯ ರೈತ

ಮುಯ್ಯಾಳು ಮತ್ತೆ ಬಂದರೆ ಒಳ್ಳೆಯದೇ ಕಾಕಾ. ಆದರೆ ಮನೆಯಲ್ಲಿ ಇಬ್ಬರೇ ಉಳಿದಾಗ ಯಾರು ಯಾರಿಗೆ ಮುಯ್ಯಿ ತೀರಿಸಬೇಕು?

ನನ್ನ ಅಭಿಪ್ರಾಯ ಇಷ್ಟು. ಈ-ಪೀಕ್ ಪಾಹಣಿಯಲ್ಲಿ ಯಾರ ಹೊಲದಲ್ಲಿ ಜೋಳ ಇದೆ ಎಂದು ಸರ್ಕಾರಕ್ಕೆ ಕೀಳುವ ಮೊದಲೇ ಗೊತ್ತಿರುತ್ತದೆ. ಸೋಯಾಬೀನಿಗೆ ಕೊಟ್ಟ ಹಾಗೆ, ಹೆಕ್ಟೇರಿಗೆ ಇಷ್ಟು ಎಂದು, ಜೋಳ ಕೀಳುವ ತಿಂಗಳಿನಲ್ಲಿ ಖಾತೆಗೆ ಹಾಕಬಹುದು. ಖರೀದಿ ಕೇಂದ್ರ ತೆರೆಯುವುದಾದರೆ ಮಾರ್ಚ್ ಒಂದಕ್ಕೆ ತೆರೆಯಲಿ. ತಡವಾಗಿ ತೆರೆದರೆ ಆ ಹೊತ್ತಿಗೆ ರೈತನ ಜೋಳ ಅಡತಿಯ ಮನೆ ಸೇರಿರುತ್ತದೆ, ಬೆಂಬಲ ಬೆಲೆಯ ಲಾಭ ಯಾರಿಗೆ ಹೋಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಂಗಳವೇಢೆಯ ಸ್ವಸಹಾಯ ಸಂಘದ ಅಕ್ಕ

ಹಾಗೆ ಹಣ ಬಂದರೆ ಕೀಳುವ ಹೆಣ್ಣುಮಕ್ಕಳ ಕೂಲಿ ಅಂದಂದೇ ಸಿಗುತ್ತದೆ. ಈಗ ರಾಶಿ ಮಾರುವ ತನಕ ಕಾಯಿಸುತ್ತಾರೆ. ಕಪ್ಪಾದ ಕಾಳಿಗೂ ಒಂದು ದರ್ಜೆ ಇರಲಿ, ಬೆಲೆ ಸ್ವಲ್ಪ ಕಡಿಮೆ ಇರಲಿ, ಆದರೆ ಕೊಳ್ಳಲಿ. ಕೋರಿಗೆ ಮಾಡುವ ತಮ್ಮನ ಹೆಸರೂ ಬರಬೇಕು. ಹೊಲದಲ್ಲಿ ನಿಂತು ಫೋಟೋ ತೆಗೆದವನು ಅವನೇ ಅಲ್ಲವೇ?

ಮ್ಹೈಸಾಳ ನೀರಿಗಾಗಿ ಕಾದವನು

ಇದಕ್ಕೆ ನನ್ನ ಸಹಿಯೂ ಇದೆ. ನೀರಿನ ಮಾತನ್ನು ನಾನು ಬಿಟ್ಟಿಲ್ಲ, ಅದನ್ನು ಬೇರೆ ಅರ್ಜಿಯಲ್ಲಿ ಬರೆಯೋಣ.

ಅಕ್ಕಲಕೋಟೆಯ ಶಿಕ್ಷಕ

ಹಾಗಾದರೆ ಮನವಿಯ ಕರಡನ್ನು ನಾನು ಬರೆಯುತ್ತೇನೆ, ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ. ಕೀಳುವ ತಿಂಗಳಿನ ಸಹಾಯಧನ, ಮಾರ್ಚ್ ಮೊದಲಿನಿಂದ ಖರೀದಿ, ಕಪ್ಪಾದ ಕಾಳಿಗೆ ದರ್ಜೆ, ಕೋರಿನವರ ಹೆಸರು, ಕನ್ನಡ ಊರುಗಳಲ್ಲಿ ಪೀಕ್ ಪಾಹಣಿಗೆ ಕನ್ನಡ. ಇಷ್ಟಕ್ಕೆ ನಿಲ್ಲಿಸುತ್ತೇನೆ, ಹೆಚ್ಚು ಬರೆದರೆ ಯಾರೂ ಓದುವುದಿಲ್ಲ. ಎಳ್ಳು ಅಮಾವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಬಂದೇ ಬರುತ್ತಾರೆ. ಅಂದು ಊರೂರಿನಲ್ಲಿ ಸಹಿ ಮಾಡಿಸಿಕೊಳ್ಳೋಣ.

ಉಮದಿ ಕಡೆಯ ರೈತ

ಮಗನಿಗೆ ಇದೆಲ್ಲವನ್ನೂ ಓದಿ ಹೇಳಿದೆ. ಕೊನೆಗೆ ಮೂರು ಎಕರೆ ಜೋಳ, ಎರಡು ಎಕರೆ ಕಡಲೆ ಎಂದು ಒಪ್ಪಿಕೊಂಡಿದ್ದೇವೆ. ಒಂದು ಎಕರೆಗೆ ಬಿಜೆವಿ 44 ನೋಡುತ್ತೇನೆ ಎಂದಿದ್ದಾನೆ, ನಾಡಿದ್ದು ಹಿಟ್ನಳ್ಳಿಗೆ ಅವನೇ ಹೋಗುತ್ತಾನೆ. ಅಕ್ಕಾವರೇ, ಇವಳ ಹೆಸರು ಸೇರಿಸಲು ಯಾವ ಯಾವ ಕಾಗದ ಬೇಕು ಎಂದು ಬರೆದು ಕಳುಹಿಸಿ, ಸೋಮವಾರ ತಲಾಠಿಯವರು ಊರಿಗೆ ಬರುತ್ತಾರೆ.